ಜಪಾನಿನ ಮಡಿಕೆ ತೆರೆಗಳಲ್ಲಿ ಗೋವೆಯ ಹಡಗು

ಗಾಳಿಗೆ ಅಡ್ಡಲಾಗಿ ನಿಲ್ಲಿಸುವ ಮಡಿಕೆ ತೆರೆಗೆ ಜಪಾನಿ ಭಾಷೆಯಲ್ಲಿ ‘ಬ್ಯೋಬು’ ಎಂದು ಹೆಸರು. ಹದಿನಾರನೆಯ ಶತಮಾನದ ಕೊನೆಯಿಂದ ಹದಿನೇಳನೆಯ ಶತಮಾನದ ಪೂರ್ವಾರ್ಧದವರೆಗೆ ಕಾನೋ ಸಂಪ್ರದಾಯದ ಚಿತ್ರಕಾರರೂ ಅವರನ್ನು ಅನುಸರಿಸಿದವರೂ ಇಂತಹ ತೆರೆಗಳ ಮೇಲೆ ಪೋರ್ಚುಗೀಸರ ಆಗಮನವನ್ನು ಚಿನ್ನದ ರೇಕಿನ ಹಿನ್ನೆಲೆಯಲ್ಲಿ ಚಿತ್ರಿಸಿದರು. ದಕ್ಷಿಣದ ಕಡಲ ಹಾದಿಯಿಂದ ಬಂದವರಾದುದರಿಂದ ಅವರು ‘ನಂಬನ್’, ಎಂದರೆ ದಕ್ಷಿಣದ ಮ್ಲೇಚ್ಛರು. ತೆರೆಗಳಿಗೂ ಅದೇ ಹೆಸರು ನಿಂತಿದೆ. (ಇದಕ್ಕೆ ‘ಮ್ಲೇಚ್ಛ’ಕ್ಕಿಂತ ಸಮೀಪದ ಶಬ್ದ ನಮ್ಮಲ್ಲಿಲ್ಲ.)

ಆರಾರು ಮಡಿಕೆಗಳ ಎರಡು ತೆರೆ ಸೇರಿ ಒಂದು ಜೋಡಿ. ಕೋಬೆ ನಗರದ ವಸ್ತುಸಂಗ್ರಹಾಲಯದಲ್ಲಿರುವ ಕಾನೋ ನೈಜೆನ್‌ನ (1570–1616) ಜೋಡಿಯಲ್ಲಿ, ಎಡದ ತೆರೆಯ ಪರದೇಶೀ ಬಂದರಿನಿಂದ ಹಡಗು ಹೊರಡುತ್ತದೆ. ಬಲದ ತೆರೆಯಲ್ಲಿ ಅದು ಜಪಾನಿನ ರೇವನ್ನು ಮುಟ್ಟಿದೆ; ಸರಕು ಇಳಿಯುತ್ತಿದೆ, ಕೊಡೆಯ ನೆರಳಿನಲ್ಲಿ ನಡೆದುಬರುವ ಕಪ್ತಾನನನ್ನು ಪಾದ್ರಿಗಳು ಎದುರುಗೊಳ್ಳುತ್ತಿದ್ದಾರೆ. ಕನ್ನಡಕ್ಕೆ ‘ಪಾದ್ರಿ’ಯಾಗಿ ಬಂದ ಪೋರ್ಚುಗೀಸ್ ಶಬ್ದವೇ ಜಪಾನಿಯಲ್ಲಿ ‘ಬಾತೆರೆನ್’ ಆಯಿತು.

ಎಡದ ತೆರೆಯ ಬಂದರನ್ನು ಗೋವೆಯೆಂದೋ ಮಕಾವ್ ಎಂದೋ ಗುರುತಿಸುವುದುಂಟು. ಪಶ್ಚಿಮ ಕರಾವಳಿಯ ಇತಿಹಾಸವನ್ನು ಅಭ್ಯಸಿಸುವವರು ಇಲ್ಲಿ ಎಚ್ಚರದಿಂದಿರಬೇಕು. ಆನೆಯೊಂದು ಇದೆ, ನಿಜ; ಆದರೆ ಕಟ್ಟಡಗಳ ಮಾಡುಗಳು ಚೀನೀ ಮಾದರಿಯವು. ಅದು ಕಲ್ಪನೆಯ ಊರು. ಹದಿನಾರನೆಯ ಶತಮಾನದ ಗೋವೆಗೆ ಅದನ್ನು ಚಿತ್ರಸಾಕ್ಷ್ಯವಾಗಿ ಬಳಸಲಾಗದು.

ಬಲದ ತೆರೆಯ ಮಾತು ಬೇರೆ. 1571ರಲ್ಲಿ ನಾಗಸಾಕಿ ಪೋರ್ಚುಗೀಸರಿಗೆ ತೆರೆದ ಮೇಲೆ, ಗೋವೆಯಿಂದ ಮಕಾವ್ ಮಾರ್ಗವಾಗಿ ಬರುವ ದೊಡ್ಡ ಹಡಗನ್ನು ಜಪಾನೀಯರು ಕಣ್ಣಾರೆ ಕಂಡಿದ್ದರು. ಕೂವೆಮರವನ್ನೇರುವವರು, ಕೊಡೆ ಹಿಡಿದವರು, ಹೊರೆ ಹೊತ್ತವರು ಅನೇಕ ತೆರೆಗಳಲ್ಲಿ ಕಪ್ಪು ಮೈಬಣ್ಣದವರೇ. ಆ ಹಡಗುಗಳಲ್ಲಿ ಆಫ್ರಿಕದವರೂ ಭಾರತೀಯರೂ ನಾವಿಕರಾಗಿ, ಸೇವಕರಾಗಿ, ಗುಲಾಮರಾಗಿ ಇದ್ದರು. ಯಾರು ಯಾವ ತೀರದವರೆಂದು ಚಿತ್ರ ನೋಡಿ ಹೇಳುವಂತಿಲ್ಲ. ಆದರೂ ಈ ತೆರೆಗಳನ್ನು ‘ಯುರೋಪ್–ಜಪಾನ್ ಸಮಾಗಮ’ವೆಂದಷ್ಟೇ ವಿವರಿಸುವುದು ಚಿತ್ರದಲ್ಲಿರುವ ಅರ್ಧ ಜನರನ್ನು ಕಾಣದಂತೆ ಮಾಡುತ್ತದೆ ಎಂಬುದು ನನ್ನ ಆಕ್ಷೇಪ.

ಕುದುರೆಯ ಪ್ರಸಂಗವೂ ಇಲ್ಲಿ ಸ್ಮರಣೀಯ. 1510ರಲ್ಲಿ ಬಿಜಾಪುರದವರಿಂದ ಗೋವೆಯನ್ನು ಕಸಿದುಕೊಂಡ ಪೋರ್ಚುಗೀಸರು ವಿಜಯನಗರಕ್ಕೆ ಕುದುರೆ ಮಾರಿದವರು. ಅದೇ ಗೋವೆಯ ವೈಸರಾಯ್ ಕಳುಹಿದ ಉಡುಗೊರೆಗಳಲ್ಲಿ ಅರಬ್ಬೀ ಕುದುರೆಯೊಂದನ್ನು ಪಾದ್ರಿ ವಾಲಿನ್ಯಾನೋ 1591ರಲ್ಲಿ ಕ್ಯೋತೋದಲ್ಲಿ ಹಿದೆಯೋಶಿಗೆ ಒಪ್ಪಿಸಿದನು. ಜೊತೆಗೆ ತಂದ 1588ರ ಪತ್ರ ಅಲ್ಲಿನ ಮ್ಯೋಹೋ-ಇನ್ ದೇವಾಲಯದ ಸ್ವತ್ತಾಗಿ ಉಳಿದಿದೆ.

1639ರಲ್ಲಿ ಪೋರ್ಚುಗೀಸ್ ಹಡಗುಗಳಿಗೆ ಜಪಾನ್ ಬಾಗಿಲು ಮುಚ್ಚಿತು. ಅಷ್ಟರಲ್ಲಿ ‘ಬ್ಯೋಬು’ ಪೋರ್ಚುಗೀಸ್ ಭಾಷೆಗೆ ‘ಬಿಯೊಂಬೊ’ ಆಗಿ ಸೇರಿಹೋಗಿತ್ತು.