ಅಮೃತಶಿಲೆಯ ಮೇಲೊಂದು ನೇಟಿವ್ ಪ್ಲೇಸ್

ರೋಮನ್ನರ ಸಮಾಧಿ ಶಾಸನ ಓದಲು ಲ್ಯಾಟಿನ್ ಪಂಡಿತರೇ ಆಗಬೇಕಿಲ್ಲ. ಪುಣೆಯ ಆಫೀಸಿನಲ್ಲಿ ಹಗಲಿಡೀ ಲಾಗ್ ಫೈಲುಗಳಲ್ಲಿ ಪ್ಯಾಟರ್ನ್ ಹುಡುಕುವ ನನ್ನಂಥವನಿಗೂ ಒಂದಷ್ಟು ದಕ್ಕುತ್ತದೆ. ಏಕೆಂದರೆ ಸತ್ತವರ ಬಗ್ಗೆ ಅವರು ಹೆಚ್ಚುಕಡಿಮೆ ಒಂದೇ ಫಾರಂ ತುಂಬುತ್ತಿದ್ದರು. ನಮ್ಮ ಎಷ್ಟೋ ಶಾಸನಗಳು ‘ಸ್ವಸ್ತಿ ಶ್ರೀ’ ಎಂದು ಶುರುವಾಗುವ ಹಾಗೆ ಅವರದು ಡಿ, ಎಂ ಎಂಬ ಎರಡಕ್ಷರದಿಂದ ಶುರು. ‘ಡಿಸ್ ಮಾನಿಬುಸ್’, ಅಂದರೆ ಅಗಲಿದವರ ಆತ್ಮದೇವತೆಗಳಿಗೆ. ಆಮೇಲೆ ಹೆಸರು, ಬಾಳಿದ ವರ್ಷ, ಕಲ್ಲು ನಿಲ್ಲಿಸಿದವರು.

ಹಾಗಾಗಿ ಒಡೆದ ಚೂರು ಸಿಕ್ಕರೂ ಬಹಳಷ್ಟು ತುಂಬಿಕೊಳ್ಳಬಹುದು. ಎಡ ಮೂಲೆಯಲ್ಲಿ ಡಿ ಉಳಿದಿದ್ದರೆ ಬಲಕ್ಕೆ ಎಂ ಇದ್ದಿರಬೇಕು. ‘ವಿಕ್ಸ್’ ಎಂಬಲ್ಲಿಗೆ ತುಂಡಾಗಿದ್ದರೆ ಅದು ‘ವಿಕ್ಸಿತ್ ಆನ್ನಿಸ್’, ಇಷ್ಟು ವರ್ಷ ಬದುಕಿದ. ಹೆಸರಿನ ಬಾಲವಷ್ಟೇ ಉಳಿದರೂ ಸಾಕು, ಲ್ಯಾಟಿನ್ನಿಗೂ ನಮ್ಮಂತೆ ಚತುರ್ಥಿ ವಿಭಕ್ತಿಯಿದೆ. ನಮ್ಮ ‘ನಿಗೆ’, ‘ಳಿಗೆ’ ಇದ್ದಂತೆ ಆ ಕೊನೆಯಿಂದಲೇ ಸಾಮಾನ್ಯವಾಗಿ ಸತ್ತದ್ದು ಗಂಡೋ ಹೆಣ್ಣೋ ತಿಳಿಯುತ್ತದೆ. ಹೀಗೆ ತುಂಬಿದ ಅಕ್ಷರಗಳನ್ನು ಚೌಕ ಆವರಣದಲ್ಲೂ, ಸಂಕ್ಷಿಪ್ತ ಶಬ್ದ ಬಿಡಿಸಿದ್ದನ್ನು ದುಂಡು ಆವರಣದಲ್ಲೂ ಬರೆಯಬೇಕೆಂದು 1931ರಲ್ಲಿ ವಿದ್ವಾಂಸರು ಲೈಡನ್ನಿನಲ್ಲಿ ಸೇರಿ ಒಪ್ಪಿಕೊಂಡರು. ಕಲ್ಲು ಹೇಳಿದ್ದೆಷ್ಟು, ಓದಿದವನ ಊಹೆಯೆಷ್ಟು ಎಂಬುದು ಮುಂದಿನವನಿಗೆ ಗೊತ್ತಾಗಲಿ ಅಂತ. ಕೋಡಿಗೆ ಒಂದು ಸಾಲು ಕಾಮೆಂಟ್ ಹಾಕಲೂ ಗೊಣಗುವ ನಮ್ಮ ಕಸುಬಿನವರು ಇದನ್ನು ನೋಡಬೇಕು. ಈಗ ‘ಈನಿಯಸ್’ ಎಂಬ ಎಐ ಮಾದರಿಯೂ ಬಂದಿದೆ. ಸುಮಾರು 1.76 ಲಕ್ಷ ಲ್ಯಾಟಿನ್ ಶಾಸನಗಳಿಂದ ಕಲಿತು ಬಿಟ್ಟ ಸ್ಥಳ ತುಂಬುತ್ತದೆ. ಆದರೆ ಯಂತ್ರವಾಗಲಿ ಪಂಡಿತರಾಗಲಿ, ಫಾರಂನ ಅಚ್ಚು ಮಾತುಗಳನ್ನು ತುಂಬಿದಷ್ಟು ಸಲೀಸಾಗಿ ಒಬ್ಬನ ಹೆಸರನ್ನು ತುಂಬಲಾರರು.

ಹೆಸರು ಕಳೆಯಲು ಕಲ್ಲು ಒಡೆಯಲೇಬೇಕೆಂದೂ ಇಲ್ಲ. 2025ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ದಂಪತಿಗೆ ಹಿತ್ತಿಲಿನ ಕಸಕಡ್ಡಿ ತೆಗೆಯುವಾಗ ಲ್ಯಾಟಿನ್ ಬರಹದ ಅಮೃತಶಿಲೆಯ ಹಲಗೆ ಸಿಕ್ಕಿತು. ಸುಮಾರು 1,900 ವರ್ಷ ಹಳೆಯದು. ತಜ್ಞರು ಪಾಠವನ್ನು ಹಳೆಯ ದಾಖಲೆಗಳೊಂದಿಗೆ ಹೋಲಿಸಿದಾಗ, ಇಟಲಿಯ ಚಿವಿತವೆಕಿಯಾ ಊರಿನ ಮ್ಯೂಸಿಯಂನಿಂದ ಕಾಣೆಯಾದ ಕಲ್ಲೇ ಅದು ಎಂದು ತಿಳಿಯಿತು. ಎರಡನೇ ಮಹಾಯುದ್ಧದ ಬಾಂಬು ದಾಳಿಯಲ್ಲಿ ಆ ಮ್ಯೂಸಿಯಂ ಬಹುಪಾಲು ನಾಶವಾಗಿತ್ತು. ಯುದ್ಧಕಾಲದಲ್ಲಿ ಇಟಲಿಯಲ್ಲಿದ್ದ ಅಮೆರಿಕನ್ ಸೈನಿಕನೊಬ್ಬನ ಮನೆಯಲ್ಲಿ ಉಳಿದು, ಅದೇನೆಂದು ತಿಳಿಯದ ಮೊಮ್ಮಗಳ ಕೈಯಲ್ಲಿ ತೋಟದ ಅಲಂಕಾರವಾಗಿತ್ತು.

ಕಲ್ಲಿನ ಮೇಲಿರುವವನು ಸೆಕ್ಸ್‌ಟುಸ್ ಕೊಂಗೇನಿಯುಸ್ ವೇರುಸ್. ನೇಪಲ್ಸ್ ಬಳಿಯ ಮಿಸೇನುಮ್ ನೌಕಾಪಡೆಯವನು. ‘ಅಸ್ಕ್ಲೇಪಿಯಸ್’ ಎಂಬ, ಮೂರು ಸಾಲು ಹುಟ್ಟುಗಳ ಹಡಗಿನ ನಾವಿಕ. ಬದುಕಿದ್ದು 42 ವರ್ಷ, ಸೇವೆ 22 ವರ್ಷ. ನಡುವೆ ಎರಡು ಪದ: ‘ನಾತಿಯೋನೆ ಬೆಸ್ಸುಸ್’, ಬೆಸ್ಸಿ ಕುಲದವನು. ಬೆಸ್ಸಿಗಳ ನಾಡು ಥ್ರೇಸ್, ಇಂದಿನ ಬಲ್ಗೇರಿಯಾದ ಕಡೆ. ‘ಯಾವ ನೇಟಿವ್ ನಿಮ್ದು?’ ಎಂದು ನಾವು ಪುಣೆಯಲ್ಲಿ ಕೇಳುತ್ತೇವಲ್ಲ, ಆ ‘ನೇಟಿವ್’ ಈ ‘ನಾತಿಯೋ’ದ ಬಳಗದ್ದೇ.

ಇಪ್ಪತ್ತರ ಆಸುಪಾಸಿನಲ್ಲಿ ಮನೆ ಬಿಟ್ಟಿದ್ದಾನೆ. ನೌಕಾಪಡೆಯಲ್ಲಿ 26 ವರ್ಷ ಮುಗಿಸಿದವನಿಗೆ ರೋಮನ್ ಪೌರತ್ವವನ್ನು ಕಂಚಿನ ಹಲಗೆಯಲ್ಲಿ ಕೊರೆದು ಕೊಡುತ್ತಿದ್ದರು. ಇವನಿಗೆ ನಾಲ್ಕು ವರ್ಷ ಬಾಕಿಯಿತ್ತು. ಮೂರು ಭಾಗದ ರೋಮನ್ ಹೆಸರು ಮಾತ್ರ ಮೊದಲೇ ಬಂದಿತ್ತು. ಇಂಥ ಪರನಾಡಿನವರು ಪಡೆ ಸೇರುವಾಗಲೇ ಹೊಸ ಹೆಸರು ಹಿಡಿಯುವುದು ವಾಡಿಕೆ. ಥ್ರೇಸಿನಲ್ಲಿ ಅವ್ವ ಕರೆಯುತ್ತಿದ್ದ ಹೆಸರು ಕಲ್ಲಿಗೆ ಏರಲೇ ಇಲ್ಲ. ಅಲ್ಲಿ ಒಡಕಿಲ್ಲ, ಬಿಟ್ಟ ಜಾಗವಿಲ್ಲ. ಲೈಡನ್ ನಿಯಮದಲ್ಲಿ ಇದಕ್ಕೊಂದು ಚಿಹ್ನೆಯೂ ಇಲ್ಲ.

ಸೇವೆಯಲ್ಲಿರುವಾಗ ಕಾನೂನು ಪ್ರಕಾರ ಮದುವೆಯಾಗುವಂತಿರಲಿಲ್ಲ. ಹಾಗಾಗಿ ಇಂಥ ಕಲ್ಲುಗಳಲ್ಲಿ ಆಗಾಗ ಜೊತೆಗಾರರೇ ವಾರಸುದಾರರು. ಇಲ್ಲೂ ಹೆಂಡತಿ, ಮಗ, ತಮ್ಮ ಎಂಬ ಮಾತಿಲ್ಲ. ‘ಅರ್ಹನಾದವನಿಗೆ’ ಈ ಕಲ್ಲು ಮಾಡಿಸಿದವರು ಅವನ ವಾರಸುದಾರರಾದ ಅತೀಲಿಯುಸ್ ಕಾರುಸ್ ಮತ್ತು ವೆತ್ತಿಯುಸ್ ಲೊಂಗೀನುಸ್. ಇಬ್ಬರದೂ ರೋಮನ್ ಹೆಸರು. ಅವರ ನೇಟಿವ್ ಯಾವುದೆಂದು ಕಲ್ಲಿನಲ್ಲಿ ಬರೆದಿಲ್ಲ.