ಪರಮಾಣು ವಿಪತ್ತೂ ನಮ್ಮ ಮನೆವಾರ್ತೆಯೂ

ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಆದಾಗ್ಯೂ ಬಾವಿಯನ್ನು ಮುಂದಾಗಿ ತೋಡಿಕೊಂಡವರು ಬಹು ವಿರಳರು. ೨೦೨೫ನೆಯ ಇಸವಿಯ ಮೇ ತಿಂಗಳಿನಲ್ಲಿ ದೇಶದ ಅನೇಕ ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಯಬೇಕೆಂದು ಸರಕಾರದವರು ಅಪ್ಪಣೆ ಮಾಡಿದಾಗ ನಮ್ಮ ರಾಯಚೂರು ಜಿಲ್ಲೆಯ ಹೆಸರೂ ಆ ಪಟ್ಟಿಯಲ್ಲಿ ಸೇರಿದ್ದಿತು. ಅಂದಿನಿಂದ ನಮ್ಮ ವಿದ್ಯಾರ್ಥಿನಿಯರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತ ಬಂದಿರುವರು: "ಅಕ್ಕೋರೇ, ಅಣುಬಾಂಬು ಬಿದ್ದರೆ ನಾವು ಮನಿಯಾಗ ಏನು ಮಾಡಬೇಕ್ರಿ?" ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವುದು ಉಪಾಧ್ಯಾಯರಾದ ನಮಗೆ ಯುಕ್ತವಾಗಿ ತೋರಲಿಲ್ಲ. ಆದಕಾರಣ ನಮಗೆ ತಿಳಿದಷ್ಟನ್ನು ಸಂತೆಕಲ್ಲೂರಿನ ಮನೆಗಳಿಗೆ ಹೊಂದುವಂತೆ ಇಲ್ಲಿ ಬರೆಯುತ್ತೇವೆ.

ಮೊದಲು ವಿಪತ್ತು ಯಾವ ಕಡೆಯಿಂದ ಬರಬಹುದೆಂಬುದನ್ನು ವಿಚಾರಿಸೋಣ. ನಮ್ಮ ರಾಜ್ಯದಲ್ಲಿ ಪರಮಾಣುವಿನಿಂದ ವಿದ್ಯುತ್ತನ್ನು ತಯಾರಿಸುವ ಸ್ಥಾವರವು ಒಂದೇ. ಅದು ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಕಾಳೀ ನದಿಯ ದಡದ ಮೇಲಿರುವುದು. ಅಲ್ಲಿ ತಲಾ ೨೨೦ ಮೆಗಾವ್ಯಾಟಿನ ನಾಲ್ಕು ಘಟಕಗಳು ೨೦೦೦ದಿಂದ ೨೦೧೧ರ ವರೆಗಿನ ಕಾಲದಲ್ಲಿ ಒಂದೊಂದಾಗಿ ಕೆಲಸಕ್ಕೆ ತೊಡಗಿದವು. ೧೯೯೪ನೆಯ ಮೇ ತಿಂಗಳಿನಲ್ಲಿ, ಕಟ್ಟಡವು ಇನ್ನೂ ನಡೆಯುತ್ತಿರುವಾಗ, ಒಂದು ಘಟಕದ ಗುಮ್ಮಟದ ಒಳಮೈಯ ಕಾಂಕ್ರೀಟು ಕಳಚಿ ಬಿದ್ದಿತು. ಆಗ ಅದರಲ್ಲಿ ಇಂಧನವನ್ನು ತುಂಬಿರಲಿಲ್ಲವಾದ್ದರಿಂದ ವಿಕಿರಣದ ಭಯವುಂಟಾಗಲಿಲ್ಲ. ಸುತ್ತಲಿನ ಜನರು ಊರು ಬಿಟ್ಟು ಹೋಗಬೇಕಾದ ಪ್ರಸಂಗವು ಅಲ್ಲಿ ಇದುವರೆಗೂ ಒದಗಿಲ್ಲ. ಇಂಥ ಸ್ಥಾವರದಿಂದ ೧೬ ಕಿಲೋಮೀಟರಿನ ವರೆಗಿನ ಊರುಗಳಿಗಾಗಿ ತುರ್ತು ಯೋಜನೆಯೊಂದನ್ನು ಮುಂದಾಗಿ ಸಿದ್ಧಪಡಿಸಿಡುವ ಪದ್ಧತಿಯಿದೆ. ಸಂತೆಕಲ್ಲೂರು ಕೈಗಾದಿಂದ ೨೦೦ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿರುವುದರಿಂದ ನಮಗೆ ಅಲ್ಲಿಂದ ಬರುವ ಅಪಾಯವು ಅತ್ಯಲ್ಪವು. ಆದರೆ ನಮ್ಮ ಬಾಲಿಕೆಯರು ಮದುವೆಯ ನಿಮಿತ್ತವಾಗಿಯೂ ಉದ್ಯೋಗದ ನಿಮಿತ್ತವಾಗಿಯೂ ಎಲ್ಲೆಲ್ಲಿಗೋ ಹೋಗಿ ಮನೆ ಹೂಡುವರು. ವಿದ್ಯೆಯು ಅವರ ಸಂಗಡ ಹೋಗಲಿ. ಇನ್ನು ನೆರೆಯ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಅದಿರು ಇದೆಯೆಂದು ಕೇಳಿ ಕೆಲವರು ಹೆದರುವುದುಂಟು. ನೆಲದೊಳಗಿನ ಅದಿರು ತಾನಾಗಿ ಬಾಂಬಿನಂತೆ ಸಿಡಿಯುವ ವಸ್ತುವಲ್ಲ. ಆದ್ದರಿಂದ ನಾವು ವಿಚಾರಿಸಬೇಕಾದವುಗಳು ಮೂರು: ಯುದ್ಧದ ಬಾಂಬು, ಸ್ಥಾವರದ ಅಪಘಾತ, ಮತ್ತು ಗುಜರಿಯ ಕಬ್ಬಿಣದೊಡನೆ ಅರಿಯದೆ ಮನೆಗೆ ಬರುವ ವಿಕಿರಣ ವಸ್ತು.

ಈ ಮೂರರಲ್ಲಿಯೂ ಕೇಡು ಮಾಡುವದು ಯಾವುದೆಂದು ತಿಳಿಯಲು ನಮ್ಮ ಅಡಿಗೆಮನೆಯ ಒಲೆಯೇ ಸಾಕು. ಒಲೆಯಲ್ಲಿ ಎರಡು ಸಂಗತಿಗಳುಂಟು, ಕಾವು ಮತ್ತು ಬೂದಿ. ಕಾವು ಒಲೆಯಿಂದ ಹೊರಟು ಮೈಗೆ ತಗಲುವದು. ದೂರ ಸರಿದರೆ ಅಥವಾ ನಡುವೆ ಗೋಡೆ ಬಂದರೆ ತಗ್ಗುವದು. ವಿಕಿರಣದ ಕಿರಣಗಳೂ ಹಾಗೆಯೇ. ಕಾವಿನಲ್ಲಿ ಕುಳಿತವನು ತಾನೇ ಒಲೆಯಾಗಿ ಇತರರನ್ನು ಸುಡದಂತೆ, ಹೊರಗಿನ ಕಿರಣಕ್ಕೆ ಸಿಕ್ಕಿದ ಮನುಷ್ಯನಿಂದ ಬೇರೊಬ್ಬರಿಗೆ ಅದು ಅಂಟುವುದಿಲ್ಲ. ಆದರೆ ಬೂದಿಯು ಗಾಳಿಯಲ್ಲಿ ಹಾರುವದು, ಸೀರೆಗೆ ಹತ್ತುವದು, ಊಟದಲ್ಲಿ ಬೀಳುವದು. ವಿಕಿರಣವುಳ್ಳ ಧೂಳು ಈ ಬೂದಿಯಂಥದು. ಆದರೆ ತಾನು ಹೋದಲ್ಲಿಗೆಲ್ಲ ಕಾವನ್ನೂ ಕೊಂಡೊಯ್ಯುವ ಬೂದಿಯು. ಅದಕ್ಕೆ ಬಣ್ಣವಿಲ್ಲದಿರಬಹುದು, ವಾಸನೆಯಿಲ್ಲ. ಆದಕಾರಣ ಗೃಹಿಣಿಯ ಕೆಲಸವು ಎರಡೇ: ಕಾವಿಗೆ ಗೋಡೆಯನ್ನು ಅಡ್ಡವಿಡುವದು, ಬೂದಿಯನ್ನು ಮನೆಯೊಳಗೂ ಬಾಯೊಳಗೂ ಬಿಡದಿರುವದು.

ಗೋಡೆಯ ವಿಷಯದಲ್ಲಿ ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಗಳು ಎಷ್ಟು ಉಪಕಾರಿಗಳೆಂಬುದನ್ನು ಅನೇಕರು ಅರಿಯರು. ಬಾಂಬಿನ ಧೂಳಿನಿಂದ ಹೊರಡುವ ಕಿರಣವನ್ನು ಅರ್ಧಕ್ಕೆ ತಗ್ಗಿಸಲು ಸುಮಾರು ೯ ಸೆಂಟಿಮೀಟರ್ ಗಟ್ಟಿಮಣ್ಣು ಸಾಕು. ಕಾಂಕ್ರೀಟಾದರೆ ಸುಮಾರು ೬ ಸೆಂಟಿಮೀಟರ್ ಬೇಕು. ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆಯೆಂದರೆ ಅರ್ಧದ ಅರ್ಧವಾಗಿ ಆರು ಸಾರಿಗೂ ಹೆಚ್ಚು ತಗ್ಗುವದರಿಂದ, ಹೊರಗಿನ ಅರವತ್ತು ಪಾಲಿನಲ್ಲಿ ಒಂದು ಪಾಲಿಗೂ ಕಡಿಮೆಯಾದದ್ದು ಮಾತ್ರ ಗೋಡೆಯನ್ನು ದಾಟಿ ಒಳಗೆ ಬರುವದು. ಒಂದು ಅಡಿ ಮಣ್ಣು ಹಾಕಿದ ಮಾಳಿಗೆಯು ಮೇಲಿನಿಂದ ಬರುವದನ್ನು ಎಂಟರಲ್ಲಿ ಒಂದಕ್ಕೂ ಕಡಿಮೆ ಮಾಡುವದು. ತಗಡಿನ ಮನೆಯಾದರೋ ಮಳೆಯನ್ನು ತಡೆಯುವದೇ ಹೊರತು ಕಿರಣವನ್ನು ತಡೆಯಲಾರದು. ಇದರಿಂದ ಒಂದು ಕರ್ತವ್ಯವು ಹುಟ್ಟುತ್ತದೆ. ತಗಡಿನ ಮನೆಯವರು ಯಾವ ಮಾಳಿಗೆ ಮನೆಗೆ ಇಲ್ಲವೆ ಕಾಂಕ್ರೀಟು ಮನೆಗೆ ಹೋಗತಕ್ಕದ್ದೆಂಬುದನ್ನು ಓಣಿಯವರೆಲ್ಲ ಈಗಲೇ ಕೂಡಿ ಗೊತ್ತುಮಾಡಿಕೊಳ್ಳಬೇಕು. ಅಂಥ ದಿನದಲ್ಲಿ ಜಾತಿ ಕುಲಗಳನ್ನು ಕೇಳಿ ಹೊಸ್ತಿಲಲ್ಲಿ ಕೂಸನ್ನು ನಿಲ್ಲಿಸುವ ಮನೆಯು ಎಷ್ಟು ದಪ್ಪ ಗೋಡೆಯದಾದರೂ ಪ್ರಯೋಜನವೇನು? ಮಳೆಗೆ ನೆನೆದು ಬಿರುಕು ಬಿಟ್ಟ ಮಾಳಿಗೆಯನ್ನು ಮಾತ್ರ ಯಾರೂ ನಂಬಬಾರದು.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ನೆಲದೊಳಗೆ ಇಳಿದಷ್ಟೂ ಕ್ಷೇಮವೆಂದು ಕೇಳಿ ಕೆಲವರು ಜೋಳದ ಹಗೇವನ್ನು ನೆನೆಯಬಹುದು. ಹಗೇವಿನಲ್ಲಿ ಕಾಳಿನ ಉಸಿರಿನಿಂದ ಕೆಟ್ಟ ಗಾಳಿಯು ಕೂಡಿಕೊಂಡಿರುವದು; ಬಾಯಿ ತೆರೆದ ಕೂಡಲೇ ಇಳಿದು ಪ್ರಾಣ ಬಿಟ್ಟವರುಂಟು. ಅವರನ್ನು ಎತ್ತಲು ಹೋದವರೂ ಸತ್ತದ್ದುಂಟು. ಆದ್ದರಿಂದ ಯಾವ ಭಯಕ್ಕಾದರೂ ಹಗೇವಿಗೆ ಇಳಿಯಕೂಡದು. ಹಾಗೆಯೇ ಬಾಗಿಲು ಕಿಟಕಿಗಳನ್ನು ಮುಚ್ಚಿದ ಕೋಣೆಯಲ್ಲಿ ಇದ್ದಿಲನ್ನಾಗಲಿ ಕಟ್ಟಿಗೆಯನ್ನಾಗಲಿ ಉರಿಸಕೂಡದು. ಅದರ ವಿಷವಾಯುವು ಹೊರಗಿನ ಧೂಳಿಗಿಂತ ಬೇಗನೆ ಕೊಲ್ಲುವದು.

ಒಳಗೆ ಎಷ್ಟು ಹೊತ್ತು ಇರಬೇಕು? ಬಾಂಬಿನ ಧೂಳಿಗೆ ಒಂದು ಸ್ಥೂಲವಾದ ಲೆಕ್ಕವಿದೆ. ಕಾಲವು ಏಳು ಪಟ್ಟಾದಂತೆ ಕಿರಣದ ಬಲವು ಹತ್ತರಲ್ಲಿ ಒಂದು ಪಾಲಾಗುವದು. ಸ್ಫೋಟವಾಗಿ ಒಂದು ತಾಸಿಗೆ ೧,೦೦೦ ಪಾಲು ಇದ್ದರೆ, ೭ ತಾಸಿಗೆ ೧೦೦ ಪಾಲು, ಸುಮಾರು ಎರಡು ದಿನಕ್ಕೆ ೧೦ ಪಾಲು, ಎರಡು ವಾರಕ್ಕೆ ಒಂದು ಪಾಲು. ಆದುದರಿಂದ ಮೊದಲಿನ ಒಂದು ಹಗಲೂ ಒಂದು ರಾತ್ರಿಯೂ ಒಳಗಿರುವದು ಪ್ರಾಣ ಉಳಿಸುವ ಕೆಲಸವು. ಸ್ಥಾವರದ ಅಪಘಾತದಲ್ಲಿ ಹೊರಬೀಳುವ ವಸ್ತುಗಳು ಬೇರೆ; ಅಯೋಡಿನ್-೧೩೧ ಎಂಬುದು ೮ ದಿನಗಳಿಗೊಮ್ಮೆ ಅರ್ಧವಾಗುವದು, ಸೀಸಿಯಂ-೧೩೭ ಎಂಬುದು ಅರ್ಧವಾಗಲು ೩೦ ವರ್ಷ ಬೇಕು. ಆಗ ಅಧಿಕಾರಿಗಳು ಹೇಳಿದಷ್ಟು ಕಾಲ ಒಳಗಿದ್ದು, ಹೊರಡಿರೆಂದಾಗ ಹೊರಡಬೇಕು.

ಹೇಳುವುದಕ್ಕೆ ಮುಂಚೆ ಓಡಿದರೆ ಏನಾಗುವದೆಂಬುದಕ್ಕೆ ಜಪಾನು ದೇಶದ ಉದಾಹರಣೆಯಿದೆ. ೨೦೧೧ನೆಯ ಮಾರ್ಚಿ ೧೧ರಂದು ಭೂಕಂಪವೂ ಸಮುದ್ರದ ಮಹಾ ತೆರೆಯೂ ಫುಕುಶಿಮಾದ ಸ್ಥಾವರವನ್ನು ಹಾಳುಮಾಡಿದವು. ನಾಮಿಯೆ ಎಂಬ ಪಟ್ಟಣದವರು ಅವಸರದಿಂದ ತ್ಸುಶಿಮಾ ಎಂಬ ಕಡೆಗೆ ಹೋಗಿ ತಂಗಿದರು. ಗಾಳಿಯು ಆ ಧೂಳನ್ನು ಹೊತ್ತುದು ಆ ದಿಕ್ಕಿಗೇ. ಗಾಳಿಯ ದಿಕ್ಕನ್ನು ಕುರಿತ ಲೆಕ್ಕವು ಸರಕಾರದಲ್ಲಿದ್ದರೂ ಅವರಿಗೆ ತಲುಪಿರಲಿಲ್ಲ. ಆ ಪ್ರಾಂತದಲ್ಲಿ ಮನೆ ಬಿಟ್ಟ ಕಷ್ಟಗಳಿಂದಲೂ ಚಿಕಿತ್ಸೆ ತಪ್ಪಿದ್ದರಿಂದಲೂ ಸತ್ತವರು ೨,೦೦೦ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಮುದುಕರು. ಇದರಿಂದ ಅಧಿಕಾರಿಗಳಿಗೂ ಪಾಠವುಂಟು, ನಮಗೂ ಪಾಠವುಂಟು. ಮೊಬೈಲಿನಲ್ಲಿ ಯಾರೋ ಕಳುಹಿಸಿದ ಸುದ್ದಿಯನ್ನು ನಂಬಿ ಅಜ್ಜಿಯನ್ನು ಟ್ರ್ಯಾಕ್ಟರಿನಲ್ಲಿ ಏರಿಸಿಕೊಂಡು ಹೊರಡುವದಕ್ಕಿಂತ, ಬಾಗಿಲು ಮುಚ್ಚಿ ಆಕಾಶವಾಣಿಯನ್ನು ಕೇಳುವದು ಉತ್ತಮವು.

ಎರಡನೆಯ ಪಾಠವು ಹಾಲಿನದು. ೧೯೮೬ನೆಯ ಏಪ್ರಿಲ್ ೨೬ರಂದು ಯುಕ್ರೇನಿನ ಚೆರ್ನೋಬಿಲ್ ಸ್ಥಾವರವು ಸಿಡಿದಾಗ ಅಯೋಡಿನ್ ಧೂಳು ಹುಲ್ಲಿನ ಮೇಲೆ ಬಿದ್ದಿತು. ಹುಲ್ಲನ್ನು ಆಕಳು ಮೇಯಿತು. ಹಾಲನ್ನು ಮಕ್ಕಳು ಕುಡಿದವು. ಕೂಸಿನ ಕೊರಳಿನಲ್ಲಿರುವ ಥೈರಾಯಿಡ್ ಗ್ರಂಥಿಯು ಅಯೋಡಿನ್ನನ್ನು ಹೀರಿಕೊಳ್ಳುವ ಸ್ವಭಾವವುಳ್ಳದ್ದು. ೨೦೦೫ರ ವರೆಗೆ ಆ ಸೀಮೆಗಳಲ್ಲಿ ಅಂದು ಬಾಲಕರಾಗಿದ್ದವರೊಳಗೆ ೬,೦೦೦ಕ್ಕೂ ಹೆಚ್ಚು ಮಂದಿಗೆ ಆ ಗ್ರಂಥಿಯ ಕ್ಯಾನ್ಸರು ಕಾಣಿಸಿಕೊಂಡಿತು. ಅದರಲ್ಲಿ ಗಣನೀಯವಾದ ಭಾಗಕ್ಕೆ ಈ ಅಯೋಡಿನ್ನೇ ಕಾರಣವೆಂದು ತಜ್ಞರು ಎಣಿಸಿರುವರು. ಎಮ್ಮೆ ಕಟ್ಟಿದ ಮನೆಯವರು ಇದನ್ನು ಮರೆಯಬಾರದು. ಎಚ್ಚರಿಕೆ ಬಂದ ಕೂಡಲೇ ದನಗಳನ್ನು ಕೊಟ್ಟಿಗೆಗೆ ಸೇರಿಸಿ, ಬಣವೆಯ ಒಳಗಿನ ಒಣಮೇವನ್ನು ಹಾಕಿ, ನೀರಿನ ತೊಟ್ಟಿಯನ್ನು ಮುಚ್ಚಬೇಕು. ಪರೀಕ್ಷೆಯಾಗುವ ವರೆಗೆ ಹೊಸ ಹಾಲನ್ನು ಮಕ್ಕಳಿಗೆ ಕೊಡಬಾರದು. ಕಾಸಿದರೆ ಹುಳು ಸಾಯುವದು, ವಿಕಿರಣವು ಹೋಗುವದಿಲ್ಲ.

ಅಯೋಡಿನ್ ಗುಳಿಗೆಯ ವಿಷಯದಲ್ಲಿಯೂ ಬಹಳ ತಪ್ಪು ತಿಳುವಳಿಕೆಯಿದೆ. ಅದು ಥೈರಾಯಿಡ್ ಗ್ರಂಥಿಯನ್ನು ಮಾತ್ರ, ಅದೂ ವಿಕಿರಣವುಳ್ಳ ಅಯೋಡಿನ್ನಿನಿಂದ ಮಾತ್ರ ಕಾಪಾಡುವದು. ಮಕ್ಕಳಿಗೂ ಗರ್ಭಿಣಿಯರಿಗೂ ಹಾಲೂಡುವ ತಾಯಂದಿರಿಗೂ ಅದರ ಅವಶ್ಯಕತೆಯು ಹೆಚ್ಚು. ಅಧಿಕಾರಿಗಳು ಹೇಳಿದ ವೇಳೆಗೆ, ವಯಸ್ಸಿಗೆ ತಕ್ಕ ಪ್ರಮಾಣದಲ್ಲಿಯೇ ತೆಗೆದುಕೊಳ್ಳಬೇಕು. ಗಾಯಕ್ಕೆ ಹಚ್ಚುವ ಟಿಂಕ್ಚರನ್ನು ಕುಡಿಯುವದು ವಿಷಪಾನವೇ ಸರಿ. ಅಯೋಡಿನ್ ಉಪ್ಪನ್ನು ಹಿಡಿಹಿಡಿಯಾಗಿ ತಿಂದರೂ ಆ ಫಲ ದೊರೆಯದು.

ಮೂರನೆಯ ಪಾಠವು ನಮ್ಮಂಥ ಊರಿಗೆ ಎಲ್ಲಕ್ಕಿಂತ ಹತ್ತಿರವಾದದ್ದು. ೧೯೮೭ನೆಯ ಇಸವಿಯಲ್ಲಿ ಬ್ರೆಜಿಲ್ ದೇಶದ ಗೊಯಾನಿಯಾ ನಗರದಲ್ಲಿ, ಪಾಳುಬಿದ್ದ ಚಿಕಿತ್ಸಾಲಯದಿಂದ ಇಬ್ಬರು ಒಂದು ಯಂತ್ರದ ಭಾಗವನ್ನು ಕಿತ್ತು ಗುಜರಿಯವನಿಗೆ ಮಾರಿದರು. ಅದರೊಳಗಿನ ಸೀಸಿಯಂ ಪುಡಿಯು ಕತ್ತಲೆಯಲ್ಲಿ ನೀಲಿಯಾಗಿ ಹೊಳೆಯುವದನ್ನು ಕಂಡು ಬಂಧುಬಳಗಕ್ಕೆಲ್ಲ ಹಂಚಿದರು. ಆ ಪುಡಿ ಹತ್ತಿದ ಕೈಯಿಂದಲೇ ಊಟ ಮಾಡಿದ ಆರು ವರ್ಷದ ಬಾಲಿಕೆಯೂ ಸೇರಿ ನಾಲ್ವರು ಸತ್ತರು. ನಮ್ಮ ದೇಶದಲ್ಲಿಯೂ ೨೦೧೦ನೆಯ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ, ಹರಾಜಿನಲ್ಲಿ ಬಂದ ಹಳೆಯ ಯಂತ್ರದಿಂದ ಕೋಬಾಲ್ಟ್-೬೦ ಹೊರಬಿದ್ದು ಒಬ್ಬನು ಸತ್ತನು, ಹಲವರು ನರಳಿದರು. ಹಳದಿಯ ಮೇಲೆ ಮೂರು ಎಸಳಿನ ಬೀಸಣಿಗೆಯಂಥ ಗುರುತನ್ನು ಪ್ರತಿಯೊಬ್ಬ ಬಾಲಿಕೆಯೂ ಗುರುತಿಸಬಲ್ಲವಳಾಗಬೇಕು. ಅಂಥ ಗುರುತುಳ್ಳ ಪೆಟ್ಟಿಗೆಯನ್ನಾಗಲಿ, ಸಣ್ಣದಾಗಿದ್ದರೂ ಅತಿ ಭಾರವಾದ ಅಪರಿಚಿತ ಲೋಹವನ್ನಾಗಲಿ ಮುಟ್ಟದೆ, ಒಡೆಯದೆ, ದೂರ ಸರಿದು ೧೧೨ಕ್ಕೆ ಕರೆ ಮಾಡಿ ತಿಳಿಸಬೇಕು.

ಇನ್ನು ಮನೆಯಲ್ಲಿ ಕೂಡಿಡತಕ್ಕವುಗಳನ್ನು ಹೇಳುತ್ತೇವೆ.

೧. ನೀರು. ಒಬ್ಬರಿಗೆ ದಿನಕ್ಕೆ ೪ ಲೀಟರಿನಂತೆ ಐವರ ಮನೆಗೆ ಮೂರು ದಿನಕ್ಕೆ ೬೦ ಲೀಟರು, ಅಂದರೆ ಸುಮಾರು ನಾಲ್ಕು ಕೊಡ. ಮುಚ್ಚಳವಿರಬೇಕು.

೨. ಆಹಾರ. ಈ ಕಾರ್ಯಕ್ಕೆ ನಮ್ಮ ಖಡಕ್ ರೊಟ್ಟಿಗಿಂತ ಮಿಗಿಲಾದುದಿಲ್ಲ. ಅದು ಬಹುದಿನ ಕೆಡದು, ಒಲೆ ಬೇಡದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ, ಬೆಲ್ಲ ಇವು ಡಬ್ಬಿಯಲ್ಲಿರಲಿ. ಮುಚ್ಚಿದ ಡಬ್ಬಿಯ ಆಹಾರವು, ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರಸಿ ತೆರೆದರೆ, ನಿರಪಾಯವು.

೩. ಬ್ಯಾಟರಿಯ ರೇಡಿಯೋ, ಕೈದೀಪ, ಹಿರಿಯರ ನಿತ್ಯದ ಔಷಧ, ಸಾಬೂನು, ಒಂದು ಜೊತೆ ಬಟ್ಟೆ, ಮುಖ್ಯ ಕಾಗದಪತ್ರಗಳು.

೪. ಬೆಳಕಿಂಡಿಗೂ ಕಿಟಕಿಯ ಸಂದುಗಳಿಗೂ ಮುಚ್ಚಲು ತಾಡಪತ್ರಿಯ ತುಂಡು, ಹಳೆಯ ಬಟ್ಟೆ. ನಮ್ಮ ಬೇಸಿಗೆಯು ಎಷ್ಟೇ ಕಠಿಣವಾದರೂ ಕೂಲರನ್ನು ನಿಲ್ಲಿಸಬೇಕು; ಅದು ಹೊರಗಿನ ಗಾಳಿಯನ್ನೇ ಒಳಗೆ ಎಳೆಯುವದು.

ಹೊಲದಿಂದ ಬಂದವರು ಮೇಲುಡುಗೆಯನ್ನು ಬಾಗಿಲ ಹತ್ತಿರವೇ ಮೆಲ್ಲಗೆ ಕಳಚಿ ಚೀಲದಲ್ಲಿ ಕಟ್ಟಿ ದೂರವಿಡಬೇಕು. ಇಷ್ಟರಿಂದಲೇ ಮೈಮೇಲಿನ ಧೂಳಿನ ಹೆಚ್ಚಿನ ಪಾಲು ಹೋಗುವದು. ಬಳಿಕ ಸಾಬೂನಿನಿಂದ, ಚರ್ಮವನ್ನು ತಿಕ್ಕಿ ಗಾಯಮಾಡದೆ ಸ್ನಾನ ಮಾಡಬೇಕು. ಎಣ್ಣೆ ಹಚ್ಚಿದ ಜಡೆಗೆ ಧೂಳು ಬೇಗ ಅಂಟುವದರಿಂದ ಬಾಲಿಕೆಯರು ಜಡೆ ಬಿಚ್ಚಿ ತಲೆ ತೊಳೆಯಬೇಕು.

ಈ ಸಿದ್ಧತೆಗಳಿಗೆ ಮಿತಿಯುಂಟೆಂಬುದನ್ನು ಮರೆಮಾಚುವುದು ನಮಗೆ ಸಲ್ಲದು. ೧೯೪೫ನೆಯ ಆಗಸ್ಟ್ ೬ರ ಬೆಳಿಗ್ಗೆ ಹಿರೋಶಿಮಾದಲ್ಲಿ ನಮ್ಮ ಶಾಲೆಯಂಥದೇ ಒಂದು ಮಿಷನ್ ಬಾಲಿಕಾ ಶಾಲೆಯಿದ್ದಿತು. ಹಿರೋಶಿಮಾ ಜೋಗಾಕುಯಿನ್ ಎಂದು ಅದರ ಹೆಸರು. ಅದರ ವಿದ್ಯಾರ್ಥಿನಿಯರೂ ಉಪಾಧ್ಯಾಯರೂ ಕೂಡಿ ಮುನ್ನೂರಕ್ಕೂ ಹೆಚ್ಚು ಮಂದಿ ಆ ಬಾಂಬಿಗೆ ಆಹುತಿಯಾದರು. ಬಾಂಬಿನ ಬುಡದಲ್ಲಿದ್ದವರಿಗೆ ಯಾವ ರೊಟ್ಟಿಯ ಡಬ್ಬಿಯೂ ಯಾವ ಗೋಡೆಯೂ ನೆರವಾಗಲಾರದು. ಅಲ್ಲಿ ರಕ್ಷಣೆಯೆಂದರೆ ಅಂಥ ಬಾಂಬು ಮತ್ತೆ ಬೀಳದಂತೆ ಮಾಡುವದೊಂದೇ. ಆದರೆ ದೂರದಲ್ಲಿರುವ ಸಹಸ್ರಾರು ಮನೆಗಳ ಕ್ಷೇಮವು ಒಳಗಿರುವವರ ತಿಳುವಳಿಕೆಯ ಮೇಲೆ ನಿಂತಿರುವದು.

ಪ್ರಿಯ ಬಾಲಿಕೆಯರೇ, ಈ ಬರಹವನ್ನು ಓದಿ ಮಡಿಸಿಡಬೇಡಿರಿ. ಈ ಹೊತ್ತು ಸಂಜೆ ಮನೆಯ ಗೋಡೆಯ ದಪ್ಪವನ್ನು ಗೇಣಿನಿಂದ ಅಳೆಯಿರಿ. ಯಾರು ದನ ಕಟ್ಟುವರು, ಯಾರು ಬೆಳಕಿಂಡಿ ಮುಚ್ಚುವರು, ಯಾರು ಅಜ್ಜಿಯ ಕೈ ಹಿಡಿಯುವರು ಎಂದು ಮನೆಯವರನ್ನು ಕೇಳಿರಿ. ಓದಲು ಬಾರದ ತಾಯಿಗೆ ಇದನ್ನು ಓದಿ ಹೇಳಿರಿ. ಪಕ್ಕದ ತಗಡಿನ ಮನೆಯ ತಾಯಿಗೂ ತಪ್ಪದೆ ಹೇಳಿ, ನಮ್ಮ ಮನೆಗೆ ಬನ್ನಿರೆಂದು ಇಂದೇ ಕರೆದಿಡಿರಿ. ಈ ಕೆಲಸಗಳಲ್ಲಿ ಬಹಳಷ್ಟು ಸುಂಟರಗಾಳಿಗೂ ನೆರೆಗೂ ರೋಗಕ್ಕೂ ಒದಗತಕ್ಕವುಗಳಾದ್ದರಿಂದ, ಪರಮಾಣು ವಿಪತ್ತು ಎಂದಿಗೂ ಬಾರದೆ ಹೋದರೂ ನಿಮ್ಮ ಶ್ರಮವು ವ್ಯರ್ಥವಾಗಲಾರದು. ಅದು ಬಾರದಿರಲೆಂಬುದೇ ನಮ್ಮೆಲ್ಲರ ಹಾರೈಕೆಯು.