ಹಿರಿಯರ ನಡಿಗೆ ತೊಡರಿದಾಗ

ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ತಂದೆಯೋ ತಾಯಿಯೋ, ಅತ್ತೆಯೋ ಮಾವನೋ ಇರಬಹುದು. ಕೆಲವು ತಿಂಗಳುಗಳಿಂದ ಅವರ ನಡಿಗೆ ಕುಂಠಿತವಾಗಿದೆ. ಬಚ್ಚಲಿಗೆ ಹೋಗುವಷ್ಟರಲ್ಲಿಯೇ ಮೂತ್ರ ಹೋಗಿಬಿಡುತ್ತದೆ. ಏನನ್ನಾದರೂ ಕೇಳಿದರೆ ಉತ್ತರ ಬರಲು ಹೊತ್ತಾಗುತ್ತದೆ. ‘ಅರವತ್ತಕ್ಕೆ ಅರಳುಮರುಳು’ ಎಂದು ಹೇಳಿ ನೆರೆಹೊರೆಯವರು ಮಾತು ಮುಗಿಸುತ್ತಾರೆ. ಆದರೆ ಈ ಮೂರೂ ಲಕ್ಷಣಗಳು ಒಬ್ಬರಲ್ಲಿಯೇ ಕೂಡಿ ಬಂದಾಗ ನೀವು ಹಾಗೆ ಸುಮ್ಮನಾಗಬಾರದು. ಇವನ್ನು ಉಂಟುಮಾಡುವ, ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಸುಧಾರಿಸಬಹುದಾದ ವ್ಯಾಧಿಯೊಂದುಂಟು. ವೈದ್ಯರು ಅದನ್ನು ನಾರ್ಮಲ್ ಪ್ರೆಷರ್ ಹೈಡ್ರೋಸೆಫಾಲಸ್ ಎನ್ನುತ್ತಾರೆ. ಹೆಸರು ಕಠಿಣವಾದರೂ ವಿಷಯ ಅಷ್ಟು ಕಠಿಣವಲ್ಲ.

ನಮ್ಮ ಮಿದುಳಿನೊಳಗೆ ನಾಲ್ಕು ಕುಹರಗಳಿವೆ. ಅವುಗಳಲ್ಲಿ ತಿಳಿನೀರಿನಂತಹ ದ್ರವವು ಹಗಲಿರುಳೂ ಉತ್ಪತ್ತಿಯಾಗಿ, ಮಿದುಳು ಮತ್ತು ಬೆನ್ನುಹುರಿಗಳ ಸುತ್ತ ಹರಿದು, ಕೊನೆಗೆ ರಕ್ತವನ್ನು ಸೇರುತ್ತದೆ. ದಿನವೊಂದಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರ್. ಒಂದು ಹೊತ್ತಿನಲ್ಲಿ ಒಳಗಿರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಕೆರೆಗೆ ಒಳಹರಿವು ಇದ್ದಂತೆ ಕೋಡಿಯೂ ಇರಬೇಕಲ್ಲವೆ? ಕೋಡಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ಸರಿದು ಅಂಚಿನ ಹೊಲಗಳನ್ನು ಮುಳುಗಿಸುತ್ತದೆ. ಅಂತೆಯೇ ಈ ದ್ರವವು ಸರಿಯಾಗಿ ಹೊರಹೋಗದಿದ್ದರೆ ಕುಹರಗಳು ಹಿಗ್ಗಿ, ಕಾಲುಗಳನ್ನೂ ಮೂತ್ರಕೋಶವನ್ನೂ ಹತೋಟಿಯಲ್ಲಿಡುವ ನರತಂತುಗಳಿಗೆ ಬಾಧೆಯುಂಟಾಗುತ್ತದೆ. ಆದರೂ ಬೆನ್ನಿನಲ್ಲಿ ಸೂಜಿಯಿಟ್ಟು ಅಳೆದರೆ ಒತ್ತಡವು ಹೆಚ್ಚಾಗಿ ಸಹಜ ಮಿತಿಯಲ್ಲಿಯೇ ಇರುತ್ತದೆ. ಆದುದರಿಂದಲೇ ಈ ಹೆಸರು. ಹಿಂದೆ ತಲೆಗೆ ಬಿದ್ದ ಪೆಟ್ಟು, ಮಿದುಳಿನ ಪೊರೆಗೆ ತಗುಲಿದ ಸೋಂಕು ಅಥವಾ ರಕ್ತಸ್ರಾವ ಇದಕ್ಕೆ ಕಾರಣವಾಗಬಹುದು; ಅನೇಕರಲ್ಲಿ ಕಾರಣವೇ ತಿಳಿಯದು. 1965ರಲ್ಲಿ ಕೊಲಂಬಿಯಾ ದೇಶದ ಶಸ್ತ್ರವೈದ್ಯ ಸಾಲೊಮನ್ ಹಕೀಂ ಮತ್ತು ಅವರ ಸಹೋದ್ಯೋಗಿಗಳು ಈ ವ್ಯಾಧಿಯನ್ನು ವಿವರಿಸಿದರು.

ನಮ್ಮ ಆರೋಗ್ಯ ಕೇಂದ್ರಕ್ಕೆ ಒಬ್ಬ ವೃದ್ಧ ರೈತರನ್ನು ಮಗ ಮತ್ತು ಸೊಸೆ ಕರೆತಂದಿದ್ದರು. ಮೊದಲ ಸಲ ನಾನೂ ಮೊಣಕಾಲಿನ ಸವೆತವೆಂದು ಭಾವಿಸಿ ನೋವಿನ ಮಾತ್ರೆ ಬರೆದುಕೊಟ್ಟೆನೆಂಬುದನ್ನು ಒಪ್ಪಿಕೊಳ್ಳಲೇಬೇಕು. ಎರಡನೆಯ ಸಲ ಬಂದಾಗ ಸೊಸೆ ಹೇಳಿದ ಮಾತು ನನ್ನನ್ನು ಎಚ್ಚರಿಸಿತು: “ಸಾರ್, ಮಾವನವರ ಪಾದ ನೆಲಕ್ಕೆ ಅಂಟಿಕೊಂಡ ಹಾಗೆ ಆಗುತ್ತದೆ. ಹೊಸ್ತಿಲ ಹತ್ತಿರ ಬಂದರೆ ನಿಂತೇಬಿಡುತ್ತಾರೆ.” ದಿನವೂ ಹಾಸಿಗೆ ಒಗೆಯುವುದು ಆಕೆಯ ಪಾಲಿಗೆ ಬಂದಿತ್ತು, ಅದೇ ಕಾರಣಕ್ಕೆ ಗಂಡಹೆಂಡಿರಲ್ಲಿ ಮಾತು ನಿಂತಿತ್ತು. ವೃದ್ಧರಾದರೋ ನಾಚಿಕೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು.

ನೀವು ಗಮನಿಸಬೇಕಾದುದು ಈ ನಡಿಗೆಯನ್ನೇ. ಕಾಲುಗಳು ಅಗಲವಾಗಿರುತ್ತವೆ, ಹೆಜ್ಜೆಗಳು ಚಿಕ್ಕವಾಗಿರುತ್ತವೆ, ಹಿಂತಿರುಗಲು ಹಲವು ಹೆಜ್ಜೆಗಳು ಬೇಕಾಗುತ್ತವೆ. ಸಾಮಾನ್ಯವಾಗಿ ನಡಿಗೆ ಮೊದಲು ಕೆಡುತ್ತದೆ, ಮರೆವು ಅನಂತರ ಬರುತ್ತದೆ. ಆಲ್ಜೈಮರ್ ಕಾಯಿಲೆಯಲ್ಲಿ ಹೆಚ್ಚಾಗಿ ಇದು ತಿರುಗುಮುರುಗು. ಕೈ ನಡುಕ ಎದ್ದು ಕಾಣುತ್ತಿದ್ದರೆ ಪಾರ್ಕಿನ್ಸನ್ ಕಾಯಿಲೆಯನ್ನು ಶಂಕಿಸಬೇಕಾಗುತ್ತದೆ. ಮೂತ್ರದ ತೊಂದರೆಗೆ ಸಕ್ಕರೆ ಕಾಯಿಲೆಯೋ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯೋ ಕಾರಣವಿರಬಹುದು. ಆದುದರಿಂದ ನಿರ್ಣಯವನ್ನು ನೀವೇ ಮಾಡದೆ ವೈದ್ಯರಿಗೆ ಬಿಡಿ. ಯಾವ ಲಕ್ಷಣ ಯಾವಾಗ ಕಾಣಿಸಿತು ಎಂಬುದನ್ನು ಮಾತ್ರ ಮರೆಯದೆ ತಿಳಿಸಿ. ಹಿರಿಯರ ಎದುರಿನಲ್ಲಿ ಹೇಳಲು ಸಂಕೋಚವಾದರೆ ಪ್ರತ್ಯೇಕವಾಗಿ ಹೇಳಬಹುದು.

ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರದಲ್ಲಿ ಹಿಗ್ಗಿದ ಕುಹರಗಳು ಕಾಣುತ್ತವೆ. ಮುಪ್ಪಿನಲ್ಲಿ ಮಿದುಳು ಸೊರಗಿದಾಗಲೂ ಅವು ದೊಡ್ಡದಾಗಿ ಕಾಣುವುದರಿಂದ ಚಿತ್ರವೊಂದೇ ಸಾಲದು. ಆಗ ಸೊಂಟದ ಭಾಗದಲ್ಲಿ ಸೂಜಿಯಿಂದ 30ರಿಂದ 50 ಮಿಲಿಲೀಟರ್ ದ್ರವವನ್ನು ತೆಗೆದು, ಅದಕ್ಕೆ ಮೊದಲು ಮತ್ತು ಅನಂತರ ರೋಗಿಯನ್ನು ನಡೆಸಿ ನೋಡುತ್ತಾರೆ. ನಡಿಗೆ ಹಗುರವಾದರೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಾಗುವ ಸಂಭವ ಹೆಚ್ಚು. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆಂಬ ಭಯ ಹಳ್ಳಿಗಳಲ್ಲಿ ಬಹಳವಿದೆ. ಬೆನ್ನುಹುರಿಯು ಮುಗಿದ ಕೆಳಗಿನ ಜಾಗದಲ್ಲಿ ಸೂಜಿಯಿಡುವುದರಿಂದ ಆ ಭಯಕ್ಕೆ ಆಧಾರವಿಲ್ಲ.

ಈ ವ್ಯಾಧಿಯನ್ನು ಗುಣಪಡಿಸುವ ಮಾತ್ರೆಯಿಲ್ಲ. ತಲೆಯಿಂದ ಚರ್ಮದಡಿಯಲ್ಲಿ ತೆಳುವಾದ ಕೊಳವೆಯೊಂದನ್ನು ಹೊಟ್ಟೆಯವರೆಗೆ ಇಳಿಸಿ, ಹೆಚ್ಚಿನ ದ್ರವಕ್ಕೆ ದಾರಿ ಮಾಡಿಕೊಡುತ್ತಾರೆ. ಇದಕ್ಕೆ ಷಂಟ್ ಎಂದು ಹೆಸರು. ಹರಿವನ್ನು ಹತೋಟಿಯಲ್ಲಿಡಲು ನಡುವೆ ಕವಾಟವಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂತಹ, ನರಶಸ್ತ್ರಚಿಕಿತ್ಸಾ ವಿಭಾಗವುಳ್ಳ ಆಸ್ಪತ್ರೆಗಳಲ್ಲಿ ಇದನ್ನು ಮಾಡುತ್ತಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ದೊರೆಯುವುದೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಿ. ಪಡಿತರ ಚೀಟಿ, ಆಧಾರ್ ಮತ್ತು ವೈದ್ಯರ ಶಿಫಾರಸು ಪತ್ರ ಜೊತೆಯಲ್ಲಿರಲಿ.

ಸುಧಾರಣೆ ಮೊದಲು ಕಾಣುವುದು ನಡಿಗೆಯಲ್ಲಿ. ಮರೆವು ಅಷ್ಟಾಗಿ ಹೋಗದಿರಬಹುದು. ತಡವಾದಷ್ಟೂ ಫಲ ಕಡಿಮೆ. ಮೇಲೆ ಹೇಳಿದ ರೈತರು ಈಗ ಕೋಲು ಹಿಡಿದು ಹೊಲದ ಬದುವಿನವರೆಗೆ ತಾವೇ ಹೋಗಿಬರುತ್ತಾರೆ. ಮೊಮ್ಮಕ್ಕಳ ಹೆಸರು ಮಾತ್ರ ಇನ್ನೂ ಅದಲುಬದಲಾಗುತ್ತದೆ.

ಚಿಕಿತ್ಸೆಗೆ ಮುನ್ನ ಮನೆಯಲ್ಲಿ ನೀರು ಕುಡಿಯುವುದನ್ನು ತಡೆಯಬೇಡಿ. ರಾತ್ರಿ ಬಚ್ಚಲ ದಾರಿಯಲ್ಲಿ ದೀಪವಿರಲಿ. ಶುಶ್ರೂಷೆಯನ್ನು ಗಂಡಹೆಂಡಿರಿಬ್ಬರೂ ಹಂಚಿಕೊಳ್ಳಿ. ತಂದೆಯ ಬಟ್ಟೆ ಬದಲಿಸುವುದು ಮಗನಿಗೆ ಅವಮಾನವಲ್ಲ. ಷಂಟ್ ಹಾಕಿದ ಮೇಲೆ ಜ್ವರ, ತೀವ್ರ ತಲೆನೋವು, ವಾಂತಿ, ಮಂಪರು, ಕೊಳವೆಯ ಮೇಲೆ ಕೆಂಪು ಬಾವು ಕಂಡರೆ ಅಥವಾ ಹಳೆಯ ಲಕ್ಷಣಗಳು ಮರಳಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೊಳವೆಗೆ ಸೋಂಕು ತಗುಲಿರಬಹುದು, ಅದು ಕಟ್ಟಿಕೊಂಡಿರಬಹುದು ಅಥವಾ ತಲೆಯೊಳಗೆ ರಕ್ತ ಸೇರಿರಬಹುದು. ಕೆಲವು ಕವಾಟಗಳ ಅಳತೆ ಎಂ.ಆರ್.ಐ. ಯಂತ್ರದ ಅಯಸ್ಕಾಂತದಿಂದ ಬದಲಾಗುವ ಸಂಭವವಿರುವುದರಿಂದ, ಮುಂದೆ ಯಾವ ಕಾರಣಕ್ಕೆ ಆ ಪರೀಕ್ಷೆಗೆ ಹೋದರೂ ಷಂಟ್ ಇರುವ ಸಂಗತಿಯನ್ನು ಮೊದಲೇ ತಿಳಿಸಿ, ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ತೋರಿಸಿರಿ.